ಹತ್ತಿದವಳನ್ನು ಇಳಿಸಿದ ಸಿನಿಮಾ

ಭಾನುವಾರ ಬೆಳಿಗ್ಗೆ ಸೀರೆ ನೆನೆಹಾಕುವಾಗ ಅದರಿಂದ ಪಾಪ್‌ಕಾರ್ನಿನ ಬೆಣ್ಣೆವಾಸನೆ ಮೂಗಿಗೆ ಬಡಿಯಿತು. ಹಿಂದಿನ ದಿನ ಮಗ ರಘು, ಸೊಸೆ ಸುಧಾ ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ವಾಸನೆ ಬಂದದ್ದೇ ತಡ, ಆರಿಹೋಗಿದೆ ಎಂದುಕೊಂಡಿದ್ದ ಸಿಟ್ಟು ಮತ್ತೆ ಏರಿತು. ಸೀರೆಯನ್ನು ಕಲ್ಲಿಗೆ ಎರಡೇಟು ಹೆಚ್ಚಿಗೆಯೇ ಕುಕ್ಕಿದೆ. ಪಾಪ, ಸೀರೆಯದೇನೂ ತಪ್ಪಿರಲಿಲ್ಲ.

ಸಿಟ್ಟು ಸಿನಿಮಾದ ಮೇಲೆ. ನಾನು ಚಿಕ್ಕವಳಿದ್ದಾಗ ಆಂಧ್ರದ ಗಡಿಯ ಇದೇ ಆದೋನಿಯಲ್ಲಿ ನೋಡಿದ ಒಂದು ತೆಲುಗು ಚಿತ್ರವನ್ನು ಈಗ ಹೊಸದಾಗಿ ತೆಗೆದಿದ್ದಾರೆ. ಆಕಾಶದಿಂದ ಒಂದು ನೌಕೆ ಬಂದು ಒಂದು ಮನೆಯ ಹಿತ್ತಲಲ್ಲಿ ಇಳಿಯುವ ಕಥೆ. ಹಳೆಯದು ಚೆನ್ನ, ಹೊಸದು ಕೆಟ್ಟದ್ದು ಎಂದು ಗೊಣಗುವ ಮುದುಕಿ ಎಂದು ನನ್ನನ್ನು ಬದಿಗಿಡಬೇಡಿ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸಿದವಳು. ಸಾಲು ಸೊಟ್ಟಗಿದ್ದರೆ ಸೊಟ್ಟ, ನೆಟ್ಟಗಿದ್ದರೆ ನೆಟ್ಟಗೆ ಎನ್ನುವುದು ನನ್ನ ಅಭ್ಯಾಸ. ಹೊಸದರಲ್ಲಿ ನೌಕೆ ಇಳಿಯುವಾಗ ನನ್ನ ಕುರ್ಚಿಯೇ ನಡುಗಿತು. ಹಳೆಯದರಲ್ಲಿ ಅದು ಇಳಿದದ್ದು ದಾರದ ಮೇಲೆ. ದಾರ ನಮಗೆಲ್ಲ ಕಾಣಿಸುತ್ತಿತ್ತು. ಚುಕ್ಕೆಯಿಂದ ಬಂದವನ ತಲೆಗೆ ಅನ್ನ ಬಸಿಯುವ ತಪ್ಪಲೆಯಂಥದ್ದೇನೋ ಬೋರಲು ಹಾಕಿದ್ದರು. ಹೊಸದರಲ್ಲಿ ಬಂದವನ ಕಣ್ಣಲ್ಲಿ ನೀರು ತುಂಬಿದರೆ ನನ್ನ ಕಣ್ಣಲ್ಲೂ ತುಂಬುತ್ತಿತ್ತು. ಇಷ್ಟೆಲ್ಲ ಒಪ್ಪುತ್ತೇನೆ. ಒಪ್ಪದೇ ಇರುವುದು ಒಂದೇ, ಅದಕ್ಕೆ ಮೊದಲು ಪದ್ದತ್ತಿಯ ವಿಷಯ ಹೇಳಬೇಕು.

ಪದ್ದತ್ತಿ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ಹೋಗಿ, ಕೆಂಪು ಸೀರೆ ಉಟ್ಟು, ಮಡಿಯಲ್ಲಿ ನಮ್ಮ ಮನೆಯ ಅಡುಗೆ ಮಾಡಿಕೊಂಡಿದ್ದಳು. ವರ್ಷವಿಡೀ ಒಲೆಯ ಮುಂದೆ. ಏಕಾದಶಿಯ ದಿನ ಮಾತ್ರ ಮನೆಗೆಲ್ಲ ಉಪವಾಸ, ಒಲೆ ಹಚ್ಚುವಂತಿಲ್ಲ. ಆ ಮಧ್ಯಾಹ್ನ ಹೆಂಗಸರು ಹರಿಕಥೆಗೆ ಹೋಗುತ್ತಿದ್ದರು. ದೇವರ ಸಿನಿಮಾ ಬಂದಿದ್ದರೆ ಅದಕ್ಕೂ ಹೋಗಬಹುದಿತ್ತು. ದೇವರ ಸಿನಿಮಾ ನೋಡಿದರೂ ಹರಿಕಥೆ ಕೇಳಿದಷ್ಟೇ ಪುಣ್ಯ ಎಂದು ನಮ್ಮ ಓಣಿಯ ಹೆಂಗಸರು ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡಿದ್ದರು. ಗಂಡಸರನ್ನು ಕೇಳಿರಲಿಲ್ಲ.

ಒಂದು ಏಕಾದಶಿಗೆ ಗೋಡೆಯ ಮೇಲೆ ಹೊಸ ಪೋಸ್ಟರ್ ಕಂಡಿತು. ಮೋಡದ ನಡುವೆ ತಲೆಯ ಸುತ್ತ ಬೆಳಕಿನ ಬಳೆ ಇದ್ದ ಒಬ್ಬಾತ ಕೈ ಚಾಚಿ ಇಳಿಯುತ್ತಿದ್ದ. ಹಿಂದೆ ವಿಮಾನ. ಇನ್ನೇನು ಬೇಕು? ಪದ್ದತ್ತಿ ನನ್ನ ಕೈ ಹಿಡಿದು ಹೊರಟಳು. ತಪ್ಪಲೆಯವನು ಪರದೆಯ ಮೇಲೆ ಇಳಿದ ಕೂಡಲೇ ಎರಡೂ ಕೈ ಜೋಡಿಸಿದಳು. ಪಕ್ಕದಲ್ಲಿದ್ದ ಹೆಂಗಸು ಕಿಸಕ್ಕನೆ ನಕ್ಕು, ಇವನು ದೇವರಲ್ಲ ಎಂದು ತೆಲುಗಿನಲ್ಲಿ ತಿದ್ದಿದಳು.

"ದೇವುಡು ಕಾದಮ್ಮಾ! ಚುಕ್ಕಲ ನುಂಚಿ ವಚ್ಚಿನಾಡು."

"ಚುಕ್ಕಿಂದ ಬಂದಾನಂದ್ರ ಮತ್ತ ಯಾರವ್ವಾ? ಚುಕ್ಕಿಂದ ನಿನ್ನ ಮೈದುನ ಬರ್ತಾನೇನು?" ಎಂದಳು ಪದ್ದತ್ತಿ. ಕೈ ಬಿಡಲಿಲ್ಲ.

ಕಥೆ ಇಷ್ಟು. ಬಂದವನು ತನ್ನ ಲೋಕಕ್ಕೆ ಒಬ್ಬರನ್ನು ಕರೆದೊಯ್ಯಬೇಕು. ವಿಜ್ಞಾನಿ, ಪೈಲ್ವಾನ, ಜಮೀನ್ದಾರ, ಎಲ್ಲರೂ ಎದೆ ತಟ್ಟಿಕೊಂಡು ಮುಂದೆ ಬಂದು, ಬಾಗಿಲು ತೆರೆದದ್ದೇ ಹಿಂದೆ ಸರಿಯುತ್ತಾರೆ. ಕೊನೆಗೆ ಆ ಮನೆಯಲ್ಲಿ ಅಷ್ಟು ಹೊತ್ತೂ ಎಲ್ಲರಿಗೂ ಬಡಿಸುತ್ತಿದ್ದ ಹೆಂಗಸು ಸೊಂಟದ ಬೀಗದಕೈ ಗೊಂಚಲನ್ನು ಮೊಳೆಗೆ ತೂಗುಹಾಕಿ, ಸೆರಗು ಬಿಗಿದು, ಹತ್ತಿಬಿಡುತ್ತಾಳೆ. ಯಾರಿಗೂ ಹೇಳುವುದಿಲ್ಲ, ಅಳುವುದಿಲ್ಲ. ನೌಕೆ ಏರುತ್ತದೆ. ಮೊಳೆಯಲ್ಲಿ ಗೊಂಚಲು ಅಲ್ಲಾಡುತ್ತದೆ. ಮುಗಿಯಿತು.

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲಿದ್ದರು. ಸಂಸ್ಕೃತ ಓದಿಕೊಂಡವರು. "ಯಾವ ಪುರಾಣದ ಕಥೀನs ಅಕ್ಕಾ?" ಎಂದರು.

"ಇನ್ನೂ ಯಾವ ಪುರಾಣದಾಗೂ ಬಂದಿಲ್ಲಪ್ಪಾ. ಮುಂದ ಯಾರರ ಬರದಾರು," ಎಂದು ಪದ್ದತ್ತಿ ಒಳಗೆ ಹೋದಳು.

ಮರುವರ್ಷ ಆಕೆ ಎಮ್ಮಿಗನೂರಿನಲ್ಲಿ ಹುಡುಗಿಯರ ಹಾಸ್ಟೆಲ್ಲಿಗೆ ಅಡುಗೆಯವಳಾಗಿ ಹೋದಳು. ಸಂಬಳಕ್ಕೆ! ಅಪ್ಪ ಬಹಳ ದಿನ ಮಾತು ಬಿಟ್ಟರು. ಆ ಸಿನಿಮಾ ನೋಡಿಯೇ ಹೋದಳು ಎಂದು ನಾನು ಹೇಳುವುದಿಲ್ಲ. ಮನುಷ್ಯರು ಅಷ್ಟು ಸುಲಭಕ್ಕೆ ಕದಲುವುದಿಲ್ಲ, ಮೊದಲೇ ಒಳಗೆ ಏನೋ ಕುದಿಯುತ್ತಿರಬೇಕು. ಮುಂದೆ ನಾನು ಡ್ರಿಲ್ ತರಬೇತಿಗೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ಬೇಡ ಎಂದರು. ಎಮ್ಮಿಗನೂರಿನಿಂದ ಬಸ್ಸಿನಲ್ಲಿ ಬಂದು, "ಹುಡುಗಿ ಹೋಗ್ತಾಳ, ಖರ್ಚು ನಂದು," ಎಂದವಳು ಆಕೆಯೇ.

ಈಗ ಹೊಸ ಸಿನಿಮಾ. ಆ ಹೆಂಗಸು ಇದರಲ್ಲೂ ಮೆಟ್ಟಿಲು ಹತ್ತುತ್ತಾಳೆ, ಒಳಗೂ ಹೋಗುತ್ತಾಳೆ. ಅಷ್ಟರಲ್ಲಿ ಒಂದು ಮಗು "ಅಮ್ಮಾ" ಎಂದು ಚೀರುತ್ತದೆ. ಪಿಟೀಲು ಅಳುತ್ತದೆ. ಆಕೆ ಇಳಿದು ಬಂದು ಮಗುವನ್ನು ಅಪ್ಪಿಕೊಳ್ಳುತ್ತಾಳೆ. ನೌಕೆ ಖಾಲಿ ಹೋಗುತ್ತದೆ. ಥಿಯೇಟರಿನಲ್ಲಿ ಸೀಟಿ, ಚಪ್ಪಾಳೆ. ಹೊಸದಾಗಿ ತೆಗೆಯುವವರು ದಾರ ಮರೆಮಾಡಲಿ, ತಪ್ಪಲೆ ತೆಗೆಯಲಿ, ಐದು ಹಾಡು ಸೇರಿಸಲಿ. ಆದರೆ ಹತ್ತಿದವಳನ್ನು ಇಳಿಸಲು ಇವರ್ಯಾರು?

ಹೊರಗೆ ಸ್ಕೂಟರ್ ತೆಗೆಯುತ್ತ ರಘು ಅಂದ: "ಎಷ್ಟ್ ಚಂದ ಮುಗಿಸ್ಯಾರಲ್ಲಮ್ಮಾ! ಏನಾದ್ರೂ ಮನಿ ಬಿಟ್ಟು ಹೋಗಲಿಲ್ಲ ಆಕಿ." ಹೇಳಿದ್ದು ನನಗೆ, ನೋಡಿದ್ದು ಸುಧಾಳ ಕಡೆಗೆ. ಸುಧಾ ಪಾಪ್‌ಕಾರ್ನಿನ ಖಾಲಿ ಪೊಟ್ಟಣವನ್ನು ಮಡಚುತ್ತಲೇ ಇದ್ದಳು.

ಸುಧಾಗೆ ಕೋಸಗಿಯ ಶಾಲೆಯಲ್ಲಿ ಟೀಚರ್ ಕೆಲಸ ಬಂದಿತ್ತು, ದಿನಾ ರೈಲಿನಲ್ಲಿ ಹೋಗಿಬರುವ ದೂರ. ಸೋಮವಾರ ಹೋಗಿ ಸೇರದಿದ್ದರೆ ಆ ಜಾಗ ಇನ್ನೊಬ್ಬರಿಗೆ. ವಾರದಿಂದ ಹೂಂ ಇಲ್ಲ, ಉಹೂಂ ಇಲ್ಲ. ಅವಳಿಗೇ ಮನಸ್ಸಿಲ್ಲವೇನೋ ಎಂದುಕೊಂಡು ನಾನು ಸುಮ್ಮನಿದ್ದೆ. ಭಾನುವಾರ ಸೀರೆ ಹಿಂಡಲು ಅವಳು ಇನ್ನೊಂದು ತುದಿ ಹಿಡಿದಾಗ ಕೇಳಿಯೇಬಿಟ್ಟೆ.

"ನಾಳೆ ಹೋಗ್ತೀಯೋ ಇಲ್ಲೋ?"

"ಹೆಂಗ ಹೋಗ್ಲಿರಿ ಅತ್ತಿ?"

"ಯಾಕ, ರೈಲು ನಿಂತಾವೇನು?"

ಅವಳು ಸೀರೆ ತಿರುವುತ್ತಲೇ ಅಂದಳು: "ನಿಮ್ಮ ಊಟ ಹನ್ನೊಂದೂವರಿಗೆ. ಒಂದು ದಿನ ತಡ ಆಗಿದ್ದು ನಾ ಕಂಡಿಲ್ಲ. ಅಮ್ಮನ ಟೈಮ್ ತಪ್ಪಿದ್ರ ಆಕಿ ಉಳಿಯೂದಿಲ್ಲ ಅಂತಾರ ನಿಮ್ಮ ಮಗ."

ಥಿಯೇಟರಿನಲ್ಲಿ ಚೀರಿದ ಆ ಮಗುವನ್ನು ರಾತ್ರಿ ಎಷ್ಟು ಬೈದುಕೊಂಡಿದ್ದೆ! ಈ ಮನೆಯಲ್ಲಿ ಆ ಮಗು ನಾನೇ. ಊರಿಗೆಲ್ಲ ಶಿಸ್ತು ಕಲಿಸಿದೆನೆಂದು ಮೆರೆದವಳು ನಾನು. ನನ್ನ ಶಿಸ್ತಿಗೆ ಮೊದಲು ಪದ್ದತ್ತಿ, ಆಮೇಲೆ ನನ್ನ ಅತ್ತೆ, ಈಗ ಸುಧಾ ಒಲೆ ಹಚ್ಚಿದ್ದರು. ನನಗೆ ನೆಟ್ಟಗೆ ಸಾರು ಮಾಡಲು ಬರುವುದಿಲ್ಲ.

ಒಳಗೆ ಹೋದೆ. ರಘು ಪೇಪರ್ ಓದುತ್ತಿದ್ದ.

"ನನ್ನ ಊಟದ ಹೆಸರು ಹೇಳಿ ಯಾರನ್ನೂ ಇಳಿಸಬ್ಯಾಡ."

"ಏನಮ್ಮಾ ಇದು? ಸಿನಿಮಾಕ್ಕೂ ಮನಿಗೂ ಏನ್ ಸಂಬಂಧ?"

"ನಿನ್ನೆ ಸಂಬಂಧ ಹಚ್ಚಿದಾವ ನೀನs. ಆಕಿ ನಾಳೆ ಹೋಗ್ತಾಳ."

"ನಿನ್ನ ಟೈಮ್..."

"ಆ ಟೈಮ್ ಇಟ್ಟಾಕಿ ನಾನು. ತೆಗಿಯಾಕಿನೂ ನಾನs. ನಾಳೆ ರಜಾ ಹಾಕು, ಅಡಿಗಿ ಕಲಿಯೂದೈತಿ."

"ಯಾರು?"

"ಇಬ್ರೂ."

ಸೋಮವಾರ ಬೆಳಿಗ್ಗೆ ಅವಳ ಜೊತೆ ಸ್ಟೇಷನ್ನಿಗೆ ಹೋದೆ. ರೈಲಿನ ಬಾಗಿಲಲ್ಲಿ ಕಾಲಿಟ್ಟವಳು ತಿರುಗಿ, "ಅತ್ತೀ, ಬ್ಯಾಳಿ ನೆನಸಿಲ್ಲರಿ..." ಎಂದಳು.

"ಒಳಗ ನಡಿ," ಎಂದೆ. ಮೈದಾನದಲ್ಲಿ ಕೂಗುವ ದನಿಯಲ್ಲೇ ಬಂತು ಕಾಣುತ್ತದೆ. ಅವಳ ಹಿಂದಿದ್ದ ಇಬ್ಬರು ಗಂಡಸರೂ ದಡಬಡ ಹತ್ತಿಬಿಟ್ಟರು.

ಇದನ್ನು ಬರೆಯುವ ಹೊತ್ತಿಗೆ ಎರಡು ಗಂಟೆ ಸಮೀಪಿಸಿದೆ. ಅನ್ನ ನಾನು ಮಾಡಿದ್ದು, ಗಂಜಿಗೂ ಅನ್ನಕ್ಕೂ ನಡುವೆ ಎಲ್ಲೋ ನಿಂತಿದೆ. ಬೇಳೆ ರಘುವಿನದು, ಇನ್ನೂ ಬೆಂದಿಲ್ಲ. ಈಗಷ್ಟೇ ಬಂದು, "ಅಮ್ಮಾ, ಹಸಿವ್ಯಾದ್ರ ಸುಧಾಗ ಫೋನ್ ಮಾಡಿ ಕೇಳ್ಲೇನು?" ಎಂದ.

"ಪಾಠದಾಗಿರ್ತಾಳ. ಮಾಡಬ್ಯಾಡ," ಎಂದೆ.

ಹಸಿವು ಜೋರಾಗಿದೆ. ಉಳಿದಿದ್ದೇನೆ.