ಎಮ್ಮೆ ಕೊಟ್ಟು ಹಿಡಿದ ಮನೆ

ತಂಗಿಯ ಮಗಳಿಗೆ ಒಂದು ಮನೆ ಹುಡುಕಿದ್ದಕ್ಕೆ ನನಗೆ ತಗುಲಿದ್ದು ಒಂದು ಕರೆಯುವ ಎಮ್ಮೆ. ಗಂಗಾವತಿ ಪೇಟೆಯಲ್ಲಿ ಬಳೆ ಅಂಗಡಿ ಹಾಕಬೇಕೆಂದು ಕೂಡಿಟ್ಟಿದ್ದ ಗಂಟನ್ನು ಬಿಚ್ಚಿ ಅದನ್ನು ಕೊಂಡೆ. ಅಂಗಡಿಯ ಮಾತು ವರ್ಷಗಟ್ಟಲೆ ಹಿಂದೆ ಬಿತ್ತು. ಪುಕ್ಕಟೆ ಸಿಗುತ್ತಿದ್ದ ಮನೆ ಬಿಟ್ಟು ಇಷ್ಟು ಯಾಕೆ ತೆತ್ತೆ ಎಂದು ಜನ ಇವತ್ತಿಗೂ ಕೇಳುತ್ತಾರೆ. ಕೇಳಲಿ. ಅದಕ್ಕಿಂತ ಒಳ್ಳೆಯ ವ್ಯಾಪಾರವನ್ನು ನಾನು ಇನ್ನೂ ಮಾಡಿಲ್ಲ.

ಆಗ ನಿಜಾಮರ ಆಳಿಕೆ. ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಸೀಮೆಯ ಹಳ್ಳಿಗಳನ್ನು ಸುತ್ತುತ್ತಿದ್ದೆ. ತಂಗಿಯೂ ಅವಳ ಗಂಡನೂ ಒಂದೇ ವಾಂತಿಭೇದಿಯಲ್ಲಿ ಹೋದರು. ಉಳಿದದ್ದು ಹಾಲುಹಲ್ಲಿನ ಹುಡುಗಿಯೊಂದು. ನನ್ನ ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮನೆಗೆ ಬೀಗ ಹಾಕಿ ಊರೂರು ತಿರುಗುವವನು ಮಗುವನ್ನು ಎಲ್ಲಿಡಬೇಕು?

ಯಲಬುರ್ಗಾದ ಕಡೆಯ ಒಂದು ದೊಡ್ಡ ಮನೆಯವರು ತಾವಾಗಿಯೇ ಹೇಳಿಕಳಿಸಿದರು: ಹುಡುಗಿ ನಮ್ಮಲ್ಲಿರಲಿ, ನೀನು ಏನೂ ಕೊಡುವುದು ಬೇಡ. ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಕುಲದವರೇ ಆದ ಒಬ್ಬ ಸಣ್ಣ ರೈತ, ಅವನ ಹೆಂಡತಿ, ಅವರಿಗೊಬ್ಬಳು ಮಗಳು. ಅವರೂ ಒಪ್ಪಿದರು. ಆದರೆ ಹಾಲಿಗೊಂದು ಎಮ್ಮೆ ಕೊಡಿಸಬೇಕು ಎಂದರು.

ನಮ್ಮೂರ ಹಿರಿಯರು ನಕ್ಕರು. "ಕೇಳಾವ್ರ ಮನಿ ಯಾಕೋ, ಕೇಳದಾವ್ರ ಮನಿ ಇರೂ ಮುಂದ? ದೊಡ್ಡ ಮನಿಗೆ ಬಿಟ್ಟು ಕೈ ತೊಳಕೋ."

ಕೈ ತೊಳೆದುಕೊಳ್ಳುವ ಮೊದಲು ಕೈ ನೋಡುವುದು ನನ್ನ ಕಸುಬು. ಮಲಾರ ಹೊತ್ತು ಆ ದೊಡ್ಡ ಮನೆಗೆ ಹೋದೆ, ಬರಿಯ ಬಳೆಗಾರನಾಗಿ. ಹೇಳಿಕಳಿಸಿದ್ದರೇ ಹೊರತು ಆಗ ನನ್ನ ಮುಖದ ಗುರುತು ಅಲ್ಲಿ ಯಾರಿಗೂ ಇರಲಿಲ್ಲ. ಬಳೆಗಾರನಿಗೆ ಪಡಸಾಲೆಯವರೆಗೂ ಬಾಗಿಲು ತೆರೆದೇ ಇರುತ್ತದೆ. ಮನೆಯ ಹೆಣ್ಣುಮಕ್ಕಳೆಲ್ಲ ಸಾಲಾಗಿ ಕೂತು ಕೈ ಚಾಚಿದರು. ಹಿತ್ತಿಲ ಬಾಗಿಲಲ್ಲಿ ಇನ್ನೊಂದು ಹುಡುಗಿ ನಿಂತಿತ್ತು. ಎರಡೂ ಕೈ ಬರಿದು.

"ಈಕಿಗೂ ಇಡಲೇನ್ರಿ ಅವ್ವಾರ?"

"ಆಕಿಗ್ಯಾಕೋ? ಮುಸುರಿ ತಿಕ್ಕೂ ಮುಂದ ಒಡಕೋತಾಳ."

"ಯಾರ್ರಿ ಈಕಿ?"

"ಯಾರೂ ಇಲ್ಲದ್ದು. ಸಣ್ಣಾಕಿ ಇದ್ದಾಗಿಂದ ನಾವ ಸಾಕೀವಿ. ನಮ್ಮನಿ ಮಗಳಿದ್ದಂಗ."

ನಮ್ಮ ಕಡೆ ಹೆಣ್ಣುಮಗುವಿನ ಕೈ ಬರಿದಾಗಿದ್ದರೆ ದಾರಿಹೋಕರೂ ಬೈಯುತ್ತಾರೆ. ಆ ಹುಡುಗಿಯ ಕೈ ಹಿಡಿದು ನೋಡಿದೆ. ಅಂಗೈ ನನ್ನದಕ್ಕಿಂತ ಒರಟಾಗಿತ್ತು. ಅವರು ಏನೂ ಬೇಡವೆಂದದ್ದು ಯಾಕೆಂದು ತಿಳಿಯಿತು.

ಅಲ್ಲಿಂದ ನೆಟ್ಟಗೆ ಕುಷ್ಟಗಿಯ ಹಾದಿ ಹಿಡಿದೆ. ಉಣ್ಣುವ ಹೊತ್ತಿಗೆ, ಹೇಳದೆ ಕೇಳದೆ ಹೋಗಿ ನಿಂತೆ. ಮನೆಯಾಕೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಮಗಳೂ ಪಕ್ಕದ ಮನೆಯ ಮಗುವೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವು.

"ಹಿಂಗ ಬಂದು ನಿಂತ್ರ ರೊಟ್ಟಿ ಎಲ್ಲಿಂದ ತರ್ಲಿ ಅಣ್ಣಾರ? ಕೂಡ್ರಿ, ಇನ್ನೊಂದಿಷ್ಟು ಹಿಟ್ಟು ನಾದ್ತೀನಿ" ಎಂದು ಗದರಿದಳು. ಆ ಗದರಿಕೆ ನನಗೆ ಹಿಡಿಸಿತು. ಕೂತು ಚೌಕಾಸಿಗೆ ಇಳಿದೆ.

"ಎಮ್ಮಿ ನಂದು. ಹಾಲು ಹುಡುಗ್ಯಾರ್ದು, ಕರು ನಿಮ್ದು. ನಾ ಹೇಳಿ ಬರೂದಿಲ್ಲ. ನಿಮ್ಮ ಮಗಳ ಕೈಯಾಗ ಎಷ್ಟು ಬಳಿ ಇರ್ತಾವೋ ನಮ್ಮ ಹುಡುಗಿ ಕೈಯಾಗೂ ಅಷ್ಟ ಇರಬೇಕು. ಹುಡುಗಿ ಈ ಮನಿ ಬಿಟ್ಟ ದಿನ ಎಮ್ಮೀನೂ ಬಿಡತೈತಿ."

"ಹುಡುಗೀನ ಬಿಡಾಕ ಬಂದೀರೋ, ನನ್ನ ತೂಗಾಕ ಬಂದೀರೋ?"

"ಎರಡಕ್ಕೂ, ತಂಗೀ."

ಅವಳ ಗಂಡ ಕರುವಿನ ಮಾತು ಕೇಳಿಯೇ ಒಪ್ಪಿಬಿಟ್ಟಿದ್ದ.

ಒಂದೆರಡು ವರ್ಷ ಎಲ್ಲ ಸುಸೂತ್ರ. ಹೋದಾಗಲೆಲ್ಲ ಇಬ್ಬರ ಕೈಗೂ ಹೊಸ ಬಳೆ ಇಟ್ಟು ಬರುತ್ತಿದ್ದೆ. ಒಂದು ಬೆಳಿಗ್ಗೆ ಊರು ಇನ್ನೂ ಒಂದು ಹರದಾರಿ ಇರುವಾಗಲೇ ಮನೆಯಾಕೆಯ ಗಂಡ ಎದುರಾದ, ಕೈಯಲ್ಲಿ ತುಂಬಿದ ಹಾಲಿನ ತಂಬಿಗೆ.

"ಎಲ್ಲಿಗೋ ಹಾಲು?"

"ಹಿಂಗ... ಕುಷ್ಟಗಿ ಚಾದಂಗಡಿಗ್ರಿ. ದಿನಾ ಇಲ್ರಿ."

ಮನೆಗೆ ಹೋಗಿ ಹುಡುಗಿಯನ್ನು ಕೇಳಿದೆ. "ಹಾಲು ಅಪ್ಪಾ ಒಯ್ತಾನ ಮಾವಾ. ನಾವಿಬ್ರೂ ಗಂಜಿ ಕುಡೀತೀವಿ" ಎಂದಳು. ಗೂಟದಿಂದ ಎಮ್ಮೆಯ ಹಗ್ಗ ಬಿಚ್ಚಿದೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಹುಡುಗಿ, ಓಣಿಗೆ ಬಂದೆ. ಮಾತೆಂದರೆ ಮಾತು.

ಮನೆಯಾಕೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನನ್ನ ಬೆನ್ನಿಗೇ ತಿರುಗಿ ಬಂದಿದ್ದ ಗಂಡ "ಎಮ್ಮಿ ಬಿಡ್ರೀ, ಎಮ್ಮಿ ಬಿಡ್ರೀ" ಎನ್ನುತ್ತ ಹಗ್ಗಕ್ಕೆ ಕೈ ಹಾಕಿದ. ಆಕೆ ಅವನತ್ತ ನೋಡಲೂ ಇಲ್ಲ. ಹುಡುಗಿಯ ಇನ್ನೊಂದು ಕೈ ಹಿಡಿದುಕೊಂಡಳು.

"ಎಮ್ಮಿ ಹೊಡ್ಕೊಂಡು ಹೋಗ್ರಿ ಅಣ್ಣಾರ. ಬೇಕಾದ್ರ ಈ ಗಂಡಸನ್ನೂ ಹೊಡ್ಕೊಂಡು ಹೋಗ್ರಿ. ನನ್ನ ಮಗಳ ಕೈ ಬಿಡ್ರಿ."

ಓಣಿ ಘೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಎಷ್ಟೋ ಸಂತೆಯಲ್ಲಿ ಎಷ್ಟೋ ಜನರ ಕೊನೆಯ ಮಾತಿಗೆ ಕಾದವನು ನಾನು. ಇಂಥ ಕೊನೆಯ ಮಾತನ್ನು ಎಂದೂ ಕೇಳಿರಲಿಲ್ಲ. ಹುಡುಗಿಯ ಕೈ ಬಿಟ್ಟೆ. ಹಗ್ಗವನ್ನು ಗಂಡನಿಂದ ಬಿಡಿಸಿ ಆಕೆಯ ಹಿಟ್ಟಿನ ಕೈಗೇ ಕೊಟ್ಟೆ.

"ಇವತ್ತಿನಿಂದ ಎಮ್ಮೀನೂ ನಿಂದ, ತಂಗೀ."

ಗಂಡನಿಗೆ ಜೀವ ಬಂತು. "ಹಂಗಾರ ಹಾಲು ಮಾರಬಹುದಲ್ರಿ?"

"ಮಾರು," ಎಂದಳು ಆಕೆ. "ಹುಡುಗ್ಯಾರು ಸಾಕು ಅಂದಮ್ಯಾಲೆ ಉಳಿದಿದ್ದು ಮಾರು. ಎಷ್ಟು ಉಳಿತೈತಿ ನೋಡೂಣು!"

ಆ ಎಮ್ಮೆಯ ಹಾಲಲ್ಲಿ ಆ ಮನೆ ಎರಡು ಹೆಣ್ಣುಮಕ್ಕಳನ್ನು ಬೆಳೆಸಿತು. ಕಡೆಗೆ ಗಂಗಾವತಿಯಲ್ಲಿ ನನ್ನ ಅಂಗಡಿಯ ಬಾಗಿಲು ತೆರೆದ ದಿನ ಬೋಣಿಗೆ ಮಾಡಿದವಳು ಆ ಮನೆಯಾಕೆಯೇ. ಹುಡುಗಿಯರಿಬ್ಬರ ಮದುವೆಯೂ ಒಂದೇ ಹಂದರದಲ್ಲಿತ್ತು, ಇಬ್ಬರಿಗೂ ಹಸಿರು ಬಳೆ ಕೊಳ್ಳಲು ಬಂದಿದ್ದಳು. ನಾನು ದರ ಹೇಳಿದೆ. ಆಕೆ ಅದನ್ನು ಅರ್ಧಕ್ಕೆ ಇಳಿಸಿದಳು. ನಾನು ಚೌಕಾಸಿಯಲ್ಲಿ ಸೋತು ಕುಣಿದಾಡಿದ್ದು ಅದೊಂದೇ ದಿನ.

ನಿಮಗೂ ಮಗುವೊಂದನ್ನು ಇನ್ನೊಬ್ಬರ ಮನೆಯಲ್ಲಿ ಬಿಡುವ ಪ್ರಸಂಗ ಬಂದರೆ ಹಬ್ಬದ ದಿನ ನೋಡಿ ಒಪ್ಪಬೇಡಿ. ಉಣ್ಣುವ ಹೊತ್ತಿಗೆ ಸುಮ್ಮನೆ ಹೋಗಿ. ಅಲ್ಲಿ ಮೊದಲೇ ಬಂದು ಇರುವ ಮಗುವಿದ್ದರೆ ಯಜಮಾನರನ್ನು ಬಿಟ್ಟು ಅದನ್ನು ನೋಡಿ. ಇಷ್ಟು ಬೇಕು ಎಂದು ಬಾಯಿಬಿಟ್ಟು ಕೇಳಿದವರ ಮೇಲೆ ಸಿಟ್ಟಾಗಬೇಡಿ. ಅವರ ಮುಂದೆ ನಿಮ್ಮ ಕರಾರನ್ನೂ ಇಡಬಹುದು. ಕೊಟ್ಟದ್ದರ ಹಗ್ಗ ಮಾತ್ರ ಕೆಲವು ಕಾಲ ನಿಮ್ಮ ಕೈಯಲ್ಲೇ ಇರಲಿ. ಹಗ್ಗ ಬಿಟ್ಟುಕೊಟ್ಟ ಮೇಲೂ ಹೋಗುವುದನ್ನು ನಿಲ್ಲಿಸಬೇಡಿ. ನಾನಂತೂ ನಿಲ್ಲಿಸಲಿಲ್ಲ. ಹೋದಾಗ ಮಗುವನ್ನು ಹತ್ತಿರ ಕರೆದು ಅಂಗೈ ತಿರುವಿ ನೋಡಿ, ಅಷ್ಟೇ ಹೊತ್ತು ಆ ಮನೆಯ ಮಗುವಿನ ಅಂಗೈಯನ್ನೂ ನೋಡಿ.