ಉತ್ತರ ಅರ್ಧ, ಹೇಳಿದವರ ಹೆಸರು ಅರ್ಧ

ಸುಶೀಲಕ್ಕೋರು ಉತ್ತರ ಹೇಳುವ ಮೊದಲು ಎಡಗಣ್ಣು ಮುಚ್ಚುತ್ತಿದ್ದರು. ಎಂಥ ಪ್ರಶ್ನೆಗೂ ಅಷ್ಟೇ. "ಊಟ ಆತೇನ್ರಿ ಅಕ್ಕೋರ?" ಎಂದರೂ ಒಂದು ಕಣ್ಣು ಮುಚ್ಚಿ, ಆದದ್ದನ್ನು ಖಾತ್ರಿ ಮಾಡಿಕೊಂಡು, ಆಮೇಲೆ "ಆತವಾ" ಅನ್ನುವರು. ಟಿವಿಯವರಿಗೆ ಆ ಕಣ್ಣು ಬಹಳ ಹಿಡಿಸಿತು. ಪ್ರತಿ ವಾರ ಕ್ಯಾಮರಾ ಅದರ ಹತ್ತಿರ ಹೋಗಿ ನಿಲ್ಲುತ್ತಿತ್ತು, ಹಿಂದೆ ಎದೆ ಬಡಿದಂಥ ಸಪ್ಪಳ. "ಮೇಡಂ ಉತ್ತರ ಹುಡುಕುತ್ತಿದ್ದಾರೆ" ಎಂದು ನಿರೂಪಕ ಪಿಸುಗುಡುತ್ತಿದ್ದ. ಅವನಿಗೆ ಗೊತ್ತಿರಲಿಲ್ಲ. ನಮ್ಮೂರು ಐಗಳಿಯಲ್ಲಿ ಅವರ ಕೈಯಲ್ಲಿ ಕಲಿತ ಯಾರನ್ನೇ ಕೇಳಿ, ಹೇಳುತ್ತಾರೆ: ಉತ್ತರ ಅವರಿಗೆ ಆಗಲೇ ಸಿಕ್ಕಿರುತ್ತಿತ್ತು. ಹುಡುಕುತ್ತಿದ್ದುದು ಅದನ್ನು ತಮಗೆ ಹೇಳಿದವರನ್ನು.

ಅವರ ತರಗತಿಯ ಕಾನೂನೇ ಹಾಗಿತ್ತು. "ಉತ್ತರ ಅರ್ಧಾ, ಹೇಳಿದವರ ಹೆಸರ ಅರ್ಧಾ." ಭೂಮಿ ದುಂಡಗಿದೆ ಎಂದರೆ ಸಾಲದು. "ಯಾರ ಹೇಳಿದ್ರು?" "ಪುಸ್ತಕದಾಗ ಐತ್ರಿ." "ಯಾವ ಪುಸ್ತಕ?" ಅಲ್ಲಿ ಬಾಯಿ ಕಟ್ಟಿದರೆ ಅರ್ಧ ಮಾರ್ಕು. ಅಂದಾಜಿನಲ್ಲಿ ಹೇಳಿದ್ದರೆ "ಹೊಡದ ಬಿಟ್ಟೇನ್ರಿ" ಎಂದು ಒಪ್ಪಿಕೊಳ್ಳಬೇಕು; ಒಪ್ಪಿಕೊಂಡವರಿಗೂ ಅರ್ಧ ಮಾರ್ಕು ಸಿಗುತ್ತಿತ್ತು.

ಐದನೇ ಇಯತ್ತೆಯಲ್ಲಿ ನಾನೊಮ್ಮೆ ಎದ್ದು ನಿಂತು ಕೇಳಿದೆ: "ಇಬ್ಬರು ಎರಡ ನಮೂನಿ ಹೇಳಿದ್ರ, ಎರಡೂ ಖರೇ ಇದ್ರ, ಆಗೇನ್ರಿ?"

"ಮೊದಲ ಹೇಳಿದವರ ಹೆಸರ ಹೇಳಬೇಕ."

"ಅದ್ಯಾಕ್ರಿ?"

"ಅವರ ನಿನಗ ಆ ಮಾತಿನ ಬಾಗಲಾ ತಗದವರು. ಇನ್ನ ಕುಂದ್ರ, ವಕೀಲವ್ವ."

ಅದು ಸರಿಯಾದ ಉತ್ತರವಲ್ಲ ಎಂದು ನನಗೆ ಆಗಲೂ ಅನಿಸಿತ್ತು. ವಕೀಲವ್ವ ಎಂಬ ಹೆಸರು ಮಾತ್ರ ಅಂಟಿಕೊಂಡಿತು.

ಅವರು ಟಿವಿಯ ರಸಪ್ರಶ್ನೆ ಸ್ಪರ್ಧೆಗೆ ಹೋದದ್ದು ನಾನು ಚಿಕ್ಕೋಡಿಯ ಕಾಲೇಜು ಸೇರಿ ಚರ್ಚಾಸ್ಪರ್ಧೆಗಳ ಹುಚ್ಚು ಹತ್ತಿಸಿಕೊಂಡಿದ್ದ ವರ್ಷ. ಗೆದ್ದವರು ಮುಂದಿನ ವಾರವೂ ಆ ಕುರ್ಚಿಯಲ್ಲಿ ಕೂರಬೇಕು, ಸೋತವರು ಮನೆಗೆ. ಅಕ್ಕೋರು ಗೆದ್ದರು. ಮುಂದಿನ ವಾರವೂ ಗೆದ್ದರು. ಮಳೆ ಮುಗಿದು ದ್ರಾಕ್ಷಿ ಚಾಟನಿ ಶುರುವಾಯಿತು, ಬಳ್ಳಿ ಸವರುವ ಆಳುಗಳು ಬಂದು ಕೆಲಸ ಮುಗಿಸಿ ಹೋದರು, ಕಾಯಿ ಕಟ್ಟಿತು. ಅಕ್ಕೋರು ಕುರ್ಚಿ ಬಿಟ್ಟಿರಲಿಲ್ಲ. ಶನಿವಾರದ ಶಾಲೆ ಮುಗಿಸಿ ಬೆಂಗಳೂರು ಬಸ್ಸು ಹತ್ತುವರು, ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಕೈಯಲ್ಲಿ ಕೋಲಿಲ್ಲದೆ, ಕಣ್ಣಲ್ಲಿ ನಿದ್ದೆಯಿಲ್ಲದೆ ನಮ್ಮೂರಲ್ಲಿ ನಿಂತಿರುವರು.

ಟಿವಿಯಲ್ಲೂ ಅವರು ತಮ್ಮ ಕಾನೂನು ಬಿಡಲಿಲ್ಲ. ಉತ್ತರ ಹೇಳಿ, ಉಸಿರು ತೆಗೆದುಕೊಂಡು, "ಇದನ್ನ ನನಗ ಹೇಳಿದವರು..." ಎಂದು ಹೆಸರು ಹೇಳುವರು. ಮೊದಮೊದಲು ನಿರೂಪಕ ತಡೆದ. ಜನರಿಗೆ ಅದೇ ರುಚಿಸಿತೆಂದು ಗೊತ್ತಾದ ಮೇಲೆ "ಯಾರು ಹೇಳಿದ್ದು ಮೇಡಂ?" ಎಂದು ತಾನೇ ಕೇಳತೊಡಗಿದ.

ನಮ್ಮೂರಿಗೆ ಹುಚ್ಚು ಹಿಡಿಯಿತು. ಜನ ಮಾಹಿತಿ ಹೊತ್ತುಕೊಂಡು ಅವರ ಮನೆಯ ಕಟ್ಟೆಗೆ ಬರತೊಡಗಿದರು. ಚಂದ್ರನ ಮೇಲೆ ಮೊದಲು ಕಾಲಿಟ್ಟವನು ಸಾಂಗ್ಲಿ ಕಡೆಯವನೆಂದು ಒಬ್ಬ ಹೇಳಿದ.

"ಯಾರ ಹೇಳಿದ್ರು?"

"ಬಸ್ಸಿನಾಗ ಒಬ್ಬಾಂವ ಅಂದ್ರಿ."

"ಅವನ್ನ ಕರಕೊಂಡ ಬಾ."

ಕುರಿ ಕಾಯುವ ಮಾಳಪ್ಪ ಬಂದು, "ಅಕ್ಕೋರ, ಕುರಿಗೆ ಮ್ಯಾಲ ಮುಂದಿನ ಹಲ್ಲ ಇರೂದಿಲ್ರಿ. ನನ್ನ ಹೆಸರಲೇ ಇಟಕೋರ್ರಿ" ಅಂದ. ಕೆಲವು ವಾರಗಳ ನಂತರ ಅದೇ ಪ್ರಶ್ನೆ ಬಂತು. ಮಾಳಪ್ಪನ ಹೆಸರು ನಾಡಿಗೆಲ್ಲ ಕೇಳಿಸಿತು. ಆತ ಕುರಿಗಳನ್ನು ಹೆಂಡತಿಗೆ ಒಪ್ಪಿಸಿ, ಹೊಸ ಪಟಗಾ ಸುತ್ತಿಕೊಂಡು ಅಥಣಿ ಪೇಟೆಯಲ್ಲಿ ತಿರುಗಾಡಿ ಬಂದ.

ನನಗೆ ಸಂಶಯ ಹುಟ್ಟಿದ್ದು ಅಲ್ಲೇ. ಪ್ರಪಂಚದಲ್ಲಿ ಇಷ್ಟೊಂದು ಪ್ರಾಣಿಗಳಿರುವಾಗ ಮಾಳಪ್ಪನ ಕುರಿಯೇ ಏಕೆ ಬರಬೇಕು? ಜನ ನೋಡುತ್ತಾರೆಂದು ಟಿವಿಯವರೇ ಅವರನ್ನು ಗೆಲ್ಲಿಸುತ್ತಿರಬಾರದೇಕೆ? ಕಾಲೇಜಿನ ಚರ್ಚೆಯಲ್ಲಿ ಇಂಥದೇ ವಾದ ಮಂಡಿಸಿ ಗೆದ್ದಿದ್ದೆ. ಒಂದು ಭಾನುವಾರ ಅವರು ಬೆಂಗಳೂರಿಗೆ ಹೋಗಬೇಕಿರಲಿಲ್ಲ. ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಿದ್ದರು. ನೇರವಾಗಿ ಕೇಳಿಬಿಟ್ಟೆ.

"ಅಕ್ಕೋರ, ನಿಮಗ ಪ್ರಶ್ನೆ ಮೊದಲ ಕೊಡತಾರೇನ್ರಿ?"

ಅವ್ವ ಹಣೆ ಬಡಿದುಕೊಂಡಳು. "ಏನ ಬಾಯಿ ಬೇ ನಿಂದು! ಕಲಿಸಿದವರನ್ನ ಹಿಂಗ ಕೇಳತಾರೇನು?"

"ಕೇಳಲಿ ಬಿಡ್ರಿ, ಛಲೋ ಪ್ರಶ್ನೆ ಐತಿ." ಎಡಗಣ್ಣು ಮುಚ್ಚಿತು. "ಕೊಡೂದಿಲ್ಲ. ಆದ್ರ ಇದಕ್ಕ ನಾ ಒಬ್ಬಾಕಿನ ಸಾಕ್ಷಿ. ತನ್ನ ಕೇಸಿಗೆ ತಾನ ಸಾಕ್ಷಿ ಹೇಳಿದ್ರ ನಿಮ್ಮ ಚಿಕ್ಕೋಡಿ ಕೋರ್ಟಿನಾಗ ನಡೀತೈತೇನು?"

"ನಡಿಯೂದಿಲ್ರಿ."

"ಹಂಗಾರ ನಂಬಬ್ಯಾಡ. ಸಾಕ್ಷಿ ಸಿಕ್ಕಾಗ ಬಂದ ಹೇಳ. ಯಾರ ಹೇಳಿದ್ರು ಅನ್ನೂದನ್ನೂ ಹೇಳಬೇಕ ಮತ್ತ."

ಸಿಟ್ಟಾಗಲಿಲ್ಲ. ಬಸಿಯಲ್ಲಿ ಉಳಿದಿದ್ದ ಚಹಾ ಮುಗಿಸಿ ಎದ್ದು ಹೋದರು. ಸಿಟ್ಟಾಗಿದ್ದರೆ ನನ್ನ ವಾದಕ್ಕೆ ಅನುಕೂಲವಾಗುತ್ತಿತ್ತು.

ಅವರು ಸೋತದ್ದು ಎತ್ತುಗಳ ಹಬ್ಬದಿಂದ. "ಉತ್ತರ ಕರ್ನಾಟಕದ ರೈತರು ಎತ್ತುಗಳನ್ನು ಸಿಂಗರಿಸಿ ಪೂಜಿಸುವ ಹುಣ್ಣಿಮೆ ಯಾವ ಮಾಸದ್ದು?" ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಧ್ವನಿಯಲ್ಲಿ "ಜ್ಯೇಷ್ಠ!" ಎಂದೆವು. ಕಾರಹುಣ್ಣಿಮೆ ಯಾರಿಗೆ ಗೊತ್ತಿಲ್ಲ? ಅಕ್ಕೋರ ಕಣ್ಣು ಮುಚ್ಚಿತು. ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ಹೇಳಿದರು:

"ಆಷಾಢ. ಹೇಳಿದವರು ನಮ್ಮಪ್ಪ, ಸಿದಗೌಡ."

ತಪ್ಪೆಂದು ಗಂಟೆ ಬಡಿಯಿತು. ನಿರೂಪಕನೇ ಪೆಚ್ಚಾದ. ಅಕ್ಕೋರು ಎದ್ದು ಕೈಮುಗಿದರು. ಮುಖದಲ್ಲಿ ಸೋತವರ ಕಳೆ ಇರಲಿಲ್ಲ.

ಗಡಿಯ ಸಂಗತಿ ಬೆಂಗಳೂರಿನವರಿಗೆ ತಿಳಿದಿರಲಾರದು. ಅಕ್ಕೋರ ತವರು ನಿಪ್ಪಾಣಿ ಕಡೆಯ ಹಳ್ಳಿ. ಅಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ಎತ್ತಿನ ಕೋಡಿಗೆ ಬಣ್ಣ ಬೀಳುವುದು ಒಂದು ಹುಣ್ಣಿಮೆ ತಡವಾಗಿ. ಒಂದೇ ಜಿಲ್ಲೆ, ಎರಡು ಹಬ್ಬ. ಆ ಕಡೆ ಬೀಗರಿದ್ದವರು ಎರಡು ಸಲ ಹೋಳಿಗೆ ಉಣ್ಣುತ್ತಾರೆ. ಅಂದರೆ ಪ್ರಶ್ನೆಯೇ ಸೊಟ್ಟಗಿತ್ತು. ಆದರೂ ಕೇಳಿದವನಿಗೆ ಬೇಕಾದ ಉತ್ತರ ಯಾವುದೆಂದು ಮಗುವಿಗೂ ತಿಳಿಯುತ್ತಿತ್ತು. ಮುಂದಿನ ಸೋಮವಾರ ನಾನು ಶಾಲೆಗೇ ಹೋದೆ. ಅವರು ಕರಿಹಲಗೆ ಒರೆಸುತ್ತಿದ್ದರು.

"ಜ್ಯೇಷ್ಠ ಅಂತ ನಿಮಗ ಗೊತ್ತಿತ್ತಲ್ರಿ? ಕಾರಹುಣ್ಣಿವಿಗೆ ನಮ್ಮನ್ಯಾಗ ಉಂಡ ಹೋಗೀರಿ."

"ಗೊತ್ತಿತ್ತ."

"ಅವರಿಗೆ ಯಾವ ಉತ್ತರಾ ಬೇಕ ಅನ್ನೂದು?"

"ಅದೂ ಗೊತ್ತಿತ್ತ."

"ಮತ್ತ ಯಾಕ್ರಿ?"

"ಎರಡೂ ಖಾತ್ರಿ ಇದ್ವು. ಮೊದಲ ಹೇಳಿದವರ ಹೆಸರ ಹೇಳಿದೆ."

"ಇದ ತರ್ಕ ಅಲ್ರಿ ಅಕ್ಕೋರ."

ಕೈಯಲ್ಲಿ ಅರಿವೆ ಹಿಡಿದುಕೊಂಡೇ ಎಡಗಣ್ಣು ಮುಚ್ಚಿದರು. "ಅಲ್ಲ," ಎಂದು ಒಪ್ಪಿಕೊಂಡರು. "ಊರ ಮಂದಿ ಹೆಸರೆಲ್ಲಾ ಹೇಳಿದೆ. ಮಾಳಪ್ಪಂದೂ ಹೇಳಿದೆ. ನಮ್ಮಪ್ಪಂದ ಒಮ್ಮಿನೂ ಬರಲಿಲ್ಲ ನೋಡವಾ. ಅಂವ ಕಲಿಸಿದ್ದ ಯಾವುದನ್ನೂ ಅವರು ಕೇಳಲಿಲ್ಲ, ಈ ಎತ್ತಿನ ಪ್ರಶ್ನೆ ಬರೂತನಕ."

ಅವರು ಮಾಡಿದ್ದು ತಪ್ಪೆಂದೇ ನಾನು ಈಗಲೂ ವಾದಿಸುತ್ತೇನೆ. ಇನ್ನೂ ಗೆಲ್ಲಬಹುದಿತ್ತು, ಅಪ್ಪನ ಹೆಸರನ್ನು ಗೆದ್ದ ಮೇಲೆಯೂ ಹೇಳಬಹುದಿತ್ತು. ಆದರೆ ಚಿಕ್ಕೋಡಿಗೆ ಮರಳುವ ಬಸ್ಸಿನಲ್ಲಿ ಬೇರೆಯದೇ ಹೊಳೆಯಿತು. ಪ್ರಶ್ನೆ ಮೊದಲೇ ಕೈಗೆ ಸಿಕ್ಕಿದ್ದರೆ ಆ ಹೆಣ್ಣುಮಗಳು ಅದನ್ನು ಹಾಗೇ ಬಿಡುತ್ತಿದ್ದರೇ? ಸೊಟ್ಟಗಿದೆ, ತಿದ್ದಿರಿ ಎಂದು ಅಲ್ಲೇ ಪಾಠಕ್ಕೆ ನಿಲ್ಲುತ್ತಿದ್ದರು. ಆ ಕಣ್ಣು ಅಷ್ಟು ಹೊತ್ತು ಮುಚ್ಚಿದ್ದು ಆ ಪ್ರಶ್ನೆಯನ್ನು ಅವರು ಅಲ್ಲೇ, ಆಗಲೇ ಮೊದಲ ಸಲ ಕಂಡದ್ದಕ್ಕೆ.

ಸಾಕ್ಷಿ ಸಿಕ್ಕಿತೆಂದು ಅವರಿಗೆ ಹೇಳಲು ಹೊತ್ತು ಸಿಕ್ಕಿದ್ದು ಅವರು ನಿವೃತ್ತರಾಗಿ ತವರಿಗೆ ಹೊರಟ ದಿನ. ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ನಿಪ್ಪಾಣಿ ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದರು, ಕಾಲಬುಡದಲ್ಲಿ ಊರವರು ಕೊಟ್ಟ ಒಣದ್ರಾಕ್ಷಿಯ ಚೀಲ. ಅವರನ್ನು ನಾನು ಕಂಡದ್ದು ಅದೇ ಕೊನೆ. ಡ್ರೈವರ್ ಗಾಡಿ ಶುರು ಮಾಡಿದ.

"ಅಕ್ಕೋರ, ನಿಮಗ ಪ್ರಶ್ನೆ ಕೊಡತಿದ್ದಿಲ್ಲ. ಈಗ ನಂಬತೀನ್ರಿ."

ಅವರು ಕಿಟಕಿಯಿಂದ ಬಗ್ಗಿದರು. "ಯಾರ ಹೇಳಿದ್ರು?"

"ನಿಮ್ಮಪ್ಪಾರ್ರಿ."

ಎಡಗಣ್ಣು ಮುಚ್ಚಿತು. ಅದು ತೆರೆಯುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು.