ಸತ್ತ ಅರಸನಿಗೆ ಆರತಿ

ಐವತ್ತರ ದಶಕದ ಕೊನೆ. ಸಿಂದಗಿಯಲ್ಲಿ ನಾನು ಮಾಸ್ತರನಾಗಿದ್ದ ಹೊಸತು. ಗ್ರೀಕರ ಹಳೆಯ ದುಃಖದ ನಾಟಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು, ಊರ ಬಯಲಾಟದ ಮೇಳದವರಿಂದಲೇ ಆಡಿಸುವ ಹುಚ್ಚು ಹತ್ತಿತ್ತು. ಮೇಳಕ್ಕೆ ಆಟ ಕಲಿಸುತ್ತಿದ್ದವರು ನಾವೆಲ್ಲ ಚಾಚಾ ಎನ್ನುತ್ತಿದ್ದ ಹಿರಿಯರು. ನನ್ನ ಮಾತಿಗೆ ಉಪ್ಪುಖಾರ ಬಂದದ್ದೇ ಅವರ ಮನೆಯ ಕಟ್ಟೆಯ ಮೇಲೆ. ಗ್ರೀಕರ ನಾಟಕದಲ್ಲಿ ಒಂದು ಗುಂಪು ಬದಿಗೆ ನಿಂತು ಕತೆಯ ನಡುನಡುವೆ ಹಾಡುತ್ತದೆ ಎಂದು ನಾನು ವಿವರಿಸಲು ಹೊರಟರೆ ಚಾಚಾ ತಾಳ ಕೆಳಗಿಟ್ಟು, “ಹಿಮ್ಮ್ಯಾಳ ಅನ್ರಲಾ ಮಾಸ್ತರ, ಅದಕ್ಯಾಕ ಇಷ್ಟು ಸುತ್ತಾಕತ್ತೀರಿ?” ಎಂದರು.

ತೊಡಕು ಬಂದದ್ದು ಕೊನೆಯಲ್ಲಿ. ಅರಸ ಅರಮನೆಯೊಳಗೆ ಸಾಯುತ್ತಾನೆ, ಹೆಣ ಹೊರಗೆ ತರುತ್ತಾರೆ, ಆಟ ಮುಗಿಯುತ್ತದೆ. ನಮ್ಮಲ್ಲಾದರೆ ಆಟದಲ್ಲಿ ಸತ್ತವನು ಎದ್ದು ಆರತಿ ಮಾಡಿಸಿಕೊಳ್ಳದೆ ಮನೆಗೆ ಹೋಗುವ ಹಾಗಿಲ್ಲ. ಅರಸನ ವೇಷದವನ ತಾಯಿ ತಾಲೀಮಿಗೇ ಬಂದು ಕೂತರು.

“ಆರತಿ ಇಲ್ಲಂದ್ರ ನನ್ನ ಮಗಾ ಸಾಯೂದಿಲ್ಲ ನೋಡ್ರಿ.”

“ಯವ್ವಾ, ಗ್ರೀಕರಲ್ಲಿ ಆ ಪದ್ಧತಿ ಇಲ್ಲರಿ.”

“ಹಂಗಾರ ಗ್ರೀಕರ ಮಗನ್ನ ಕರಕೊಂಡು ಬಂದು ಸಾಯಸ್ರಿ.”

ಮೇಳವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅರಸನ ಅಷ್ಟುದ್ದ ಮಾತು ಬಾಯಿಪಾಠವಾಗಿದ್ದದ್ದು ಅವನೊಬ್ಬನಿಗೇ. ಅವನು ಬಿಟ್ಟರೆ ಆಟವೇ ಇಲ್ಲ. ಆರತಿ ತಂದರೆ ದುಃಖವೆಲ್ಲ ನೀರಾದೀತೆಂಬ ಹಟ ನನ್ನದು.

ಆಗ ಚಾಚಾ ಕೇಳಿದರು: “ಅಲ್ರಿ, ಆ ಮಂದಿ ಅಳಕೋತ ಮನಿಗೆ ಹೋಗ್ತಿದ್ರೇನು?”

ಇಲ್ಲ ಎಂದೆ. ದುಃಖದ ನಾಟಕಗಳು ಮುಗಿದ ಮೇಲೆ, ಕುದುರೆ ಬಾಲ ಕಟ್ಟಿಕೊಂಡು ಕುಣಿಯುವವರ ನಗೆಯಾಟವೊಂದನ್ನು ಆಡುತ್ತಿದ್ದರು. ಹೇಳುತ್ತಿರುವಾಗಲೇ ನನ್ನ ದನಿ ಸಣ್ಣದಾಯಿತು.

“ಅಂದ್ರ ಅವರಿಗೂ ಅವ್ವಗೋಳು ಇದ್ರು,” ಎಂದು ಚಾಚಾ ತಾಳ ಎತ್ತಿಕೊಂಡರು.

ಶಾಲೆಯ ಬಯಲಿನಲ್ಲಿ ಸಂಜೆ ಆಟ. ಹೆಣ ಹೊರಬಂತು, ಹಿಮ್ಮೇಳ ಹಾಡಿ ನಿಲ್ಲಿಸಿತು. ಆರತಿ ಆಗಲಿ, ಆದರೆ ಅವಸರ ಮಾಡಬೇಡಿರೆಂದು ವೇಷದವನ ತಾಯಿಗೆ ಮೊದಲೇ ಹೇಳಿದ್ದೆ. ಅವರು ಮಾಡಲೂ ಇಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಮುಗಿಯುವ ತನಕ ತಾಯಿ ಆರತಿ ತಟ್ಟೆ ಹಿಡಿದು ನಿಂತರು, ತಾವೂ ಅತ್ತರು. ಆಮೇಲೆ ಹೆಣದ ಹತ್ತಿರ ಬಂದು, “ಏಳಪಾ, ಸಾಕು. ರೊಟ್ಟಿ ಆರಾಕತ್ತಾವು,” ಎಂದರು.

ಅರಸ ಒಂದೇ ಕಣ್ಣು ತೆರೆದು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಗ್ರೀಕರ ಅರಸ ಎದ್ದು ಕೂತು ಹಣೆಗೆ ಕುಂಕುಮ ಹಚ್ಚಿಸಿಕೊಂಡ. ಈಗಷ್ಟೇ ಅತ್ತಿದ್ದ ಬಯಲೆಲ್ಲ ನಗತೊಡಗಿತು.

ಚಾಚಾ ನನ್ನ ಕಿವಿಯ ಹತ್ತಿರ ಬಾಗಿದರು: “ಬಾಲದವರು ಬ್ಯಾಡಾದ್ರಲ್ರಿ, ಮಾಸ್ತರ.”